ಹ್ಯಾಕಿಂಗ್ ಗೇಮ್‌ಗೆ ಮಾಡ್ ಕಟ್ಟುವುದು ಹೇಗೆ? ಒಳಗೆ ಏನಿರುತ್ತದೆ?

ಇಂಜಿನಿಯರಿಂಗ್ ಓದುವ ಮಗಳು "ಹ್ಯಾಕಿಂಗ್ ಗೇಮ್‌ಗೆ ಒಂದು ಮಾಡ್ ಮಾಡ್ತಿದೀನಿ" ಅಂದರೆ ಅಪ್ಪ ಅಮ್ಮನಿಗೆ ಕೇಳಿಸುವುದು 'ಹ್ಯಾಕಿಂಗ್' ಎಂಬ ಒಂದೇ ಪದ. ಉಳಿದದ್ದು ಕಿವಿಗೆ ಬೀಳುವುದೇ ಇಲ್ಲ. ಅವಳ ಪರದೆ ಇಣುಕಿ ನೋಡಿದರೆ ಗಾಬರಿ ಇನ್ನೂ ಜಾಸ್ತಿ: ಕಪ್ಪು ಹಿನ್ನೆಲೆ, ಐಪಿ ವಿಳಾಸಗಳು, ಪಾಸ್‌ವರ್ಡ್‌ಗಳು. ಆದರೆ ಆ ಹೊತ್ತಿಗೆ ಅವಳು ಬಹುಶಃ ಬೇರೆಯೇ ಕೆಲಸದಲ್ಲಿರುತ್ತಾಳೆ. ಎಲ್ಲೂ ಇಲ್ಲದ ಒಂದು ಕಂಪ್ಯೂಟರಿಗಾಗಿ, ಎಲ್ಲೂ ಇಲ್ಲದ ಒಬ್ಬ ಗುಮಾಸ್ತನ ಹೆಸರಿನಲ್ಲಿ, ಒಂದು ಇಮೇಲ್ ಬರೆಯುತ್ತಿರುತ್ತಾಳೆ.

ಮಾಡ್ ಎಂದರೆ ಇರುವ ಆಟಕ್ಕೆ ಹೊರಗಿನವರು ಸೇರಿಸುವ ಹೊಸ ಭಾಗ. ಹ್ಯಾಕಿಂಗ್ ಆಟಕ್ಕೆ ಮಾಡ್ ಕಟ್ಟುವುದರಲ್ಲಿ ಪ್ರೋಗ್ರಾಮಿಂಗ್ ಕಡಿಮೆ, ಬರವಣಿಗೆ ಜಾಸ್ತಿ. ಇದು ಹೇಗೆ ಅನ್ನುವುದನ್ನು ಹ್ಯಾಕ್‌ನೆಟ್ ಎಂಬ ಒಂದೇ ಆಟವನ್ನು ಇಟ್ಟುಕೊಂಡು ನೋಡೋಣ. ಈ ಬಗೆಯ ಆಟಗಳಲ್ಲಿ ಹೊಸಬರಿಗೆ ಮಾಡ್ ಕಟ್ಟಲು ಸುಲಭವಾಗಿ ಬಾಗಿಲು ತೆರೆದಿರುವ ಆಟಗಳಲ್ಲಿ ಅದೂ ಒಂದು.

## ಮೊದಲು ಆಟದ ವಿಷಯ

ಹ್ಯಾಕ್‌ನೆಟ್ ಬಿಡುಗಡೆಯಾದದ್ದು 2015ರ ಆಗಸ್ಟ್‌ನಲ್ಲಿ. ಆಸ್ಟ್ರೇಲಿಯಾದ ಅಡಿಲೇಡ್‌ನ ಮ್ಯಾಟ್ ಟ್ರೊಬಿಯಾನಿ ಇದನ್ನು ಬಹುಮಟ್ಟಿಗೆ ಒಬ್ಬರೇ ಕಟ್ಟಿದರು, ಟೀಮ್ ಫ್ರಾಕ್ಟಲ್ ಅಲಿಗೇಟರ್ ಎಂಬ ಹೆಸರಿನಲ್ಲಿ. ಕಥೆ ಶುರುವಾಗುವುದು ಒಂದು ಇಮೇಲ್‌ನಿಂದ. ಬಿಟ್ ಎಂಬ ಹ್ಯಾಕರ್ ಸತ್ತಿದ್ದಾನೆ. ತಾನು 14 ದಿನ ತನ್ನ ಸಿಸ್ಟಮ್ ಕಡೆ ಬರದಿದ್ದರೆ ಈ ಸಂದೇಶ ತಾನಾಗಿಯೇ ಹೊರಡಲಿ ಎಂದು ಮೊದಲೇ ಸಿದ್ಧ ಮಾಡಿಟ್ಟಿದ್ದಾನೆ. ಅದು ಬಂದು ಸೇರುವುದು ನಿಮಗೆ. ಅವನಿಗೆ ಏನಾಯಿತು ಅನ್ನುವುದನ್ನು ನೀವು ಪತ್ತೆ ಮಾಡಬೇಕು.

ಪರದೆಯ ಬಲಭಾಗದಲ್ಲಿ ಟರ್ಮಿನಲ್ ಇರುತ್ತದೆ, ಅಂದರೆ ಆದೇಶಗಳನ್ನು ಟೈಪ್ ಮಾಡುವ ಜಾಗ. 'ಕನೆಕ್ಟ್' ಎಂದು ಬರೆದು ಐಪಿ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಒಂದು ಕಂಪ್ಯೂಟರಿನ ಗುರುತಿನ ಸಂಖ್ಯೆ, ಕೊಟ್ಟರೆ ಆಟದೊಳಗಿನ ಇನ್ನೊಂದು ಕಂಪ್ಯೂಟರಿಗೆ ಸಂಪರ್ಕ ಸಿಗುತ್ತದೆ. 'ಪ್ರೋಬ್' ಅಂದರೆ ಅದರ ಪೋರ್ಟ್‌ಗಳ ಪಟ್ಟಿ ಬರುತ್ತದೆ. ಪೋರ್ಟ್ ಎಂದರೆ ಒಂದು ಕಂಪ್ಯೂಟರ್ ಬೇರೆ ಬೇರೆ ಕೆಲಸಕ್ಕೆ ಹೊರಗಿನವರ ಜೊತೆ ಮಾತಾಡಲು ಬಳಸುವ ಸಂಖ್ಯೆ. 22 ಎಸ್‌ಎಸ್‌ಎಚ್‌ಗೆ (ದೂರದ ಕಂಪ್ಯೂಟರಿಗೆ ಲಾಗಿನ್ ಆಗುವ ದಾರಿ), 21 ಎಫ್‌ಟಿಪಿಗೆ (ಫೈಲ್ ಕಳಿಸುವ, ತರಿಸುವ ದಾರಿ), 25 ಇಮೇಲ್‌ಗೆ, 80 ವೆಬ್‌ಸೈಟ್‌ಗೆ. ಈ ಸಂಖ್ಯೆಗಳು ನಿಜ ಲೋಕದವೇ. ಫೈಲ್‌ಗಳ ಪಟ್ಟಿ ನೋಡಲು 'ಎಲ್‌ಎಸ್', ಫೋಲ್ಡರ್ ಬದಲಿಸಲು 'ಸಿಡಿ', ಫೈಲ್ ಓದಲು 'ಕ್ಯಾಟ್', ಅಳಿಸಲು 'ಆರ್‌ಎಂ'. ಯುನಿಕ್ಸ್, ಲಿನಕ್ಸ್ ಬಳಸಿದವರಿಗೆ ಇವೆಲ್ಲ ಗೊತ್ತಿರುವ ಆದೇಶಗಳೇ.

ಆದರೆ ಬಾಗಿಲು ಒಡೆಯುವ ಭಾಗ ಪೂರ್ತಿ ಕಲ್ಪನೆ. ಆಟದಲ್ಲಿ ಒಂದು ಪ್ರೋಗ್ರಾಮ್ ಓಡಿಸಿದರೆ 22ನೇ ಪೋರ್ಟ್ ಕೆಲವು ಸೆಕೆಂಡಿನಲ್ಲಿ ತೆರೆದುಕೊಳ್ಳುತ್ತದೆ. ಬೇಕಾದಷ್ಟು ಪೋರ್ಟ್ ತೆರೆದ ಮೇಲೆ 'ಪೋರ್ಟ್‌ಹ್ಯಾಕ್' ಓಡಿಸಿದರೆ ಅಡ್ಮಿನ್ ಅಧಿಕಾರ, ಅಂದರೆ ಆ ಕಂಪ್ಯೂಟರಿನಲ್ಲಿ ಏನು ಬೇಕಾದರೂ ಮಾಡುವ ಹಕ್ಕು, ಕೈಗೆ ಬರುತ್ತದೆ. ನಿಜವಾದ ಕಂಪ್ಯೂಟರುಗಳ ಮೇಲೆ ಓಡಿಸಲು ಅಂಥ ಪ್ರೋಗ್ರಾಮ್ ಯಾವುದೂ ಇಲ್ಲ. ಆಟದವರಿಗೆ ಬೇಕಾದದ್ದು ಹ್ಯಾಕಿಂಗ್ ಪಾಠ ಅಲ್ಲ, ಯಾರದೋ ಕಂಪ್ಯೂಟರಿನ ಒಳಗೆ ಕದ್ದು ಓಡಾಡುವಾಗಿನ ಎದೆಬಡಿತ. ಅದಕ್ಕಾಗಿ 'ಟ್ರೇಸ್' ಇದೆ: ಎದುರಾಳಿ ನಿಮ್ಮನ್ನು ಪತ್ತೆ ಹಚ್ಚುವ ಮೊದಲು ಎಷ್ಟು ಸಮಯ ಉಳಿದಿದೆ ಎಂದು ಎಣಿಸುವ ಗಡಿಯಾರ. ಪ್ರತಿ ಪ್ರೋಗ್ರಾಮ್ ಇಷ್ಟಿಷ್ಟು ರ್‍ಯಾಮ್ ತಿನ್ನುವುದರಿಂದ ಎಲ್ಲವನ್ನೂ ಒಟ್ಟಿಗೆ ಓಡಿಸಲೂ ಆಗುವುದಿಲ್ಲ.

## ಮಾಡ್ ಎಂದರೆ

ಮಾಡ್ ಎಂದರೆ ಆಟ ಮಾಡಿದವರಲ್ಲದ ಬೇರೆಯವರು, ಹೆಚ್ಚಾಗಿ ಅಭಿಮಾನಿಗಳು, ಆ ಆಟಕ್ಕೆ ಸೇರಿಸುವ ಅಥವಾ ಬದಲಿಸುವ ಭಾಗ. ಅದು ಒಂದು ಬಣ್ಣದ ಬದಲಾವಣೆ ಇರಬಹುದು, ಗಂಟೆಗಟ್ಟಲೆ ಆಡುವ ಹೊಸ ಕಥೆಯೂ ಇರಬಹುದು.

ಯಕ್ಷಗಾನ ನೋಡುವವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಮೇಳ ಮೊದಲೇ ಇದೆ. ಭಾಗವತರು ಇದ್ದಾರೆ, ಚೆಂಡೆ ಮದ್ದಳೆ ಇವೆ, ವೇಷ ಬಣ್ಣ ಕುಣಿತದ ಕ್ರಮ ಎಲ್ಲ ಇದೆ. ಹೊಸ ಪ್ರಸಂಗ ಬರೆಯುವವರು ಚೆಂಡೆಗೆ ಚರ್ಮ ಕಟ್ಟಲು ಕೂರುವುದಿಲ್ಲ. ಯಾವ ಪಾತ್ರ ಯಾವಾಗ ರಂಗಕ್ಕೆ ಬರಬೇಕು, ಏನಾದ ಮೇಲೆ ಏನಾಗಬೇಕು ಅನ್ನುವುದನ್ನಷ್ಟೇ ಬರೆದು ಕೊಡುತ್ತಾರೆ. ಆಡಿ ತೋರಿಸುವುದು ಮೇಳದ ಕೆಲಸ. ಇಲ್ಲಿ ಮೇಳದ ಜಾಗದಲ್ಲಿ ಇರುವುದು ಆಟದ ಎಂಜಿನ್. ಟರ್ಮಿನಲ್ ತೋರಿಸುವುದು, ಆದೇಶ ಅರ್ಥ ಮಾಡಿಕೊಳ್ಳುವುದು, ಗಡಿಯಾರ ಓಡಿಸುವುದು ಎಲ್ಲ ಅದರ ಪಾಲಿಗೆ. ಮಾಡ್ ಕಟ್ಟುವವರು ಬರೆಯುವುದು ಪ್ರಸಂಗವನ್ನು.

ಹ್ಯಾಕ್‌ನೆಟ್‌ನಲ್ಲಿ ಇಂಥ ಹೊಸ ಕಥೆಗೆ ಎಕ್ಸ್‌ಟೆನ್ಷನ್ ಎನ್ನುತ್ತಾರೆ. ಈ ಸೌಲಭ್ಯ ಬಂದದ್ದು 2017ರಲ್ಲಿ. ಅದಕ್ಕೂ ಬಹಳ ಹಿಂದೆಯೇ ಈ ಬಗೆಯ ಆಟಗಳಿಗೆ ಅಭಿಮಾನಿಗಳು ಕೈ ಹಾಕಿದ್ದರು. ಬ್ರಿಟನ್ನಿನ ಇಂಟ್ರೊವರ್ಷನ್ ಸಾಫ್ಟ್‌ವೇರ್ 2001ರಲ್ಲಿ ಅಪ್‌ಲಿಂಕ್ ಎಂಬ ಹ್ಯಾಕಿಂಗ್ ಆಟ ತಂದಿತ್ತು. ಆಮೇಲೆ ಆಟದ ಮೂಲ ಕೋಡನ್ನೇ ಒಂದು ಡೆವಲಪರ್ ಸಿಡಿಯಲ್ಲಿ ಹಾಕಿ ಮಾರಿತು. ಆನ್‌ಲಿಂಕ್ ಎಂಬ ಹೆಸರಾದ ಮಾಡ್ ಹುಟ್ಟಿದ್ದು ಆ ಆಟದ ಅಭಿಮಾನಿಗಳಿಂದ. ಆದರೆ ಮೂಲ ಕೋಡ್ ತಿದ್ದಲು ಪ್ರೋಗ್ರಾಮಿಂಗ್ ಚೆನ್ನಾಗಿ ಬರಬೇಕು. ಹ್ಯಾಕ್‌ನೆಟ್ ಹಿಡಿದದ್ದು ಬೇರೆ ದಾರಿ. ನೋಟ್‌ಪ್ಯಾಡ್ ಬಳಸಲು ಬಂದರೆ ಸಾಕು, ಶುರು ಮಾಡಬಹುದು.

## ಫೋಲ್ಡರ್ ತೆರೆದರೆ ಕಾಣುವುದು

ಆಟವನ್ನು ಕಂಪ್ಯೂಟರಿಗೆ ಹಾಕಿಕೊಂಡಾಗ ಅದರ ಜೊತೆಗೇ ಎಕ್ಸ್‌ಟೆನ್ಷನ್ಸ್ ಎಂಬ ಫೋಲ್ಡರ್ ಬರುತ್ತದೆ. ಅದರೊಳಗೆ ಕಲಿಯುವವರಿಗಾಗಿ ಮಾದರಿಗಳಿವೆ: ಒಂದು ಬಹುತೇಕ ಖಾಲಿ, ಇನ್ನೊಂದು ವಿವರಣೆಗಳ ಸಮೇತ ಇರುವ ಉದಾಹರಣೆ. ಎಲ್ಲರೂ ಮೊದಲು ಮಾಡುವುದು ಖಾಲಿ ಮಾದರಿಯನ್ನು ನಕಲು ಮಾಡಿಕೊಂಡು ಹೆಸರು ಬದಲಿಸುವುದನ್ನೇ.

ಒಳಗಿರುವ ಫೈಲ್‌ಗಳಲ್ಲಿ ಹೆಚ್ಚಿನವು ಎಕ್ಸ್‌ಎಂಎಲ್ ಕ್ರಮದಲ್ಲಿರುತ್ತವೆ. ಎಕ್ಸ್‌ಎಂಎಲ್ ಪ್ರೋಗ್ರಾಮಿಂಗ್ ಭಾಷೆ ಅಲ್ಲ. ಅದು ಲೆಕ್ಕ ಮಾಡುವುದಿಲ್ಲ, ಏನನ್ನೂ ಓಡಿಸುವುದಿಲ್ಲ. ಪ್ರತಿ ಮಾಹಿತಿಯ ಪಕ್ಕದಲ್ಲಿ ಅದು ಯಾವ ಮಾಹಿತಿ ಅನ್ನುವುದನ್ನು ಕೋನದ ಗುರುತುಗಳ ನಡುವೆ ಹೆಸರಿಸಿ ಇಡುತ್ತದೆ, ಅಷ್ಟೇ. ಇದು ಕಂಪ್ಯೂಟರಿನ ಹೆಸರು, ಇದು ಅದರ ವಿಳಾಸ, ಇದು ಪಾಸ್‌ವರ್ಡ್, ಹೀಗೆ. ಆಟ ಶುರುವಾಗುವಾಗ ಎಂಜಿನ್ ಇದನ್ನು ಓದಿಕೊಂಡು ಆ ಲೋಕವನ್ನು ನಿಲ್ಲಿಸುತ್ತದೆ.

ಮೊದಲನೆಯದು ಪರಿಚಯದ ಫೈಲ್. ಎಕ್ಸ್‌ಟೆನ್ಷನ್‌ನ ಹೆಸರು, ಭಾಷೆ, ವಿವರಣೆ, ಆಟ ಯಾವ ಕೆಲಸದಿಂದ ಶುರುವಾಗಬೇಕು, ಮೊದಲಿಗೆ ಯಾವ ಕಂಪ್ಯೂಟರುಗಳು ಕಾಣಬೇಕು ಎಂಬುದೆಲ್ಲ ಇದರಲ್ಲಿ. ಇದನ್ನು ಒಮ್ಮೆ ತುಂಬಿದರೆ ಮತ್ತೆ ಮುಟ್ಟುವುದು ಅಪರೂಪ.

ನಿಜವಾದ ಕೆಲಸ ಇರುವುದು ಮೂರು ಫೋಲ್ಡರ್‌ಗಳಲ್ಲಿ. ನೋಡ್ಸ್ ಫೋಲ್ಡರ್‌ನಲ್ಲಿ ಕಂಪ್ಯೂಟರುಗಳಿರುತ್ತವೆ, ಒಂದು ಕಂಪ್ಯೂಟರಿಗೆ ಒಂದು ಫೈಲ್. ಮಿಷನ್ಸ್ ಫೋಲ್ಡರ್‌ನಲ್ಲಿ ಆಟಗಾರನಿಗೆ ಕೊಡುವ ಕೆಲಸಗಳು. ಆ್ಯಕ್ಷನ್ಸ್ ಫೋಲ್ಡರ್‌ನಲ್ಲಿ 'ಹೀಗಾದರೆ ಹಾಗಾಗಲಿ' ಎಂಬ ನಿಯಮಗಳು. ಉಳಿದಂತೆ ಪರದೆಯ ಬಣ್ಣಗಳು, ಸಂಗೀತ, ಚಿತ್ರಗಳು ಬೇಕಿದ್ದವರಿಗೆ. ಸಂಗೀತದಿಂದ ಶುರು ಮಾಡುವವರೂ ಇದ್ದಾರೆ. ಅವರ ಮಾಡ್ ಸಾಮಾನ್ಯವಾಗಿ ಮುಗಿಯುವುದಿಲ್ಲ ಬಿಡಿ.

## ಒಂದು ಸಣ್ಣ ಕಥೆಯನ್ನು ಕಟ್ಟಿ ನೋಡೋಣ

ಮೇಲಿನದಷ್ಟೇ ಓದಿದರೆ ವಿಷಯ ಕೈಗೆ ಸಿಗುವುದಿಲ್ಲ. ಒಂದು ಕಲ್ಪನೆಯ ಕಥೆ ತೆಗೆದುಕೊಳ್ಳೋಣ. ಯಾವುದೋ ತಾಲ್ಲೂಕು ಕೇಂದ್ರದ ಒಂದು ವಾರಪತ್ರಿಕೆ ನಿಂತುಹೋಗಿದೆ. ಅಲ್ಲಿ ಪ್ರೂಫ್ ನೋಡುತ್ತಿದ್ದ ಹೆಂಗಸು ಆಟಗಾರನಿಗೆ ಇಮೇಲ್ ಕಳಿಸುತ್ತಾಳೆ: "ಕೊನೆಯ ಸಂಚಿಕೆಯ ಮುಖಪುಟದಲ್ಲಿ ಒಂದು ದೊಡ್ಡ ಸುದ್ದಿ ಇತ್ತು. ಬೆಳಿಗ್ಗೆ ಅಚ್ಚಾಗಿ ಬಂದಾಗ ಅದು ಇರಲಿಲ್ಲ. ಮೊದಲಿನ ಪುಟ ಎಲ್ಲೋ ಉಳಿದಿದೆ. ಹುಡುಕಿಕೊಡಿ."

ಮೂರು ಕಂಪ್ಯೂಟರ್ ಸಾಕು. ಡಿಟಿಪಿ ಮಾಡುವ ಹುಡುಗನದು ಒಂದು, ಪ್ರೆಸ್ಸಿನ ಸರ್ವರ್ ಒಂದು, ಸಂಪಾದಕರದು ಒಂದು.

ಡಿಟಿಪಿ ಕಂಪ್ಯೂಟರಿನ ಫೈಲ್‌ನಲ್ಲಿ ಮೊದಲು ಅದಕ್ಕೊಂದು ಗುರುತಿನ ಹೆಸರು ಕೊಡಬೇಕು. ಇದು ಆಟಗಾರನಿಗೆ ಕಾಣುವ ಹೆಸರಲ್ಲ. ಬೇರೆ ಫೈಲ್‌ಗಳು ಈ ಕಂಪ್ಯೂಟರನ್ನು ಕರೆಯುವುದು ಈ ಗುರುತಿನಿಂದ. ಆಮೇಲೆ ಐಪಿ ವಿಳಾಸ, ಭದ್ರತೆಯ ಮಟ್ಟ, ಯಾವ ಪೋರ್ಟ್‌ಗಳು ಇವೆ, ಎಷ್ಟು ಒಡೆದರೆ ಒಳಗೆ ಹೋಗಬಹುದು, ಟ್ರೇಸ್‌ಗೆ ಎಷ್ಟು ಸೆಕೆಂಡು ಎಂಬುದು. ಇದು ಮೊದಲ ಮೆಟ್ಟಿಲಾದ್ದರಿಂದ ಒಂದೇ ಪೋರ್ಟ್ ಇಟ್ಟು, ಟ್ರೇಸ್ ಇಡದೆ ಬಿಡೋಣ.

ಇನ್ನು ಒಳಗಿನ ಫೈಲ್‌ಗಳು. ಇಲ್ಲಿಯೇ ಮಾಡ್ ಕಟ್ಟುವವರು ಬರಹಗಾರರಾಗುವುದು. ಸುಳಿವು ಇರುವ ಫೈಲ್ ಒಂದನ್ನೇ ಇಟ್ಟರೆ ಆಟಗಾರ ಬಂದ, ಓದಿದ, ಹೋದ. ಅಲ್ಲಿ ಒಬ್ಬ ಮನುಷ್ಯ ಕೆಲಸ ಮಾಡುತ್ತಿದ್ದ ಅನ್ನಿಸುವುದೇ ಇಲ್ಲ. ಆದ್ದರಿಂದ ಲಗ್ನಪತ್ರಿಕೆಯ ಕರಡು ಒಂದು, ಬಾಕಿ ಕೊಡಬೇಕಾದವರ ಪಟ್ಟಿ ಒಂದು, ಮುದ್ರಣ ಯಂತ್ರದ ರಿಪೇರಿ ಬಿಲ್ಲು ಒಂದು, ಹುಡುಗ ತನಗೇ ಬರೆದುಕೊಂಡ ಚೀಟಿ ಒಂದು. ಚೀಟಿಯಲ್ಲಿ ಇಷ್ಟೇ ಇದೆ: "ಸಾರ್ ಮತ್ತೆ ಪಾಸ್‌ವರ್ಡ್ ಬದಲಾಯಿಸಿದ್ದಾರೆ. ಈ ಸಲವೂ ಮೆಷಿನ್ ಹೆಸರೇ." ಯಂತ್ರದ ಹೆಸರು ಇರುವುದು ರಿಪೇರಿ ಬಿಲ್ಲಿನಲ್ಲಿ. ಎರಡನ್ನೂ ಓದಿ ಜೋಡಿಸಿದವನಿಗೆ ಸಂಪಾದಕರ ಕಂಪ್ಯೂಟರಿನ ಪಾಸ್‌ವರ್ಡ್ ಸಿಕ್ಕಿತು. ಪೋರ್ಟ್ ಒಡೆದಾಗ ಸಿಗದ ಖುಷಿ ಇಂಥ ಕಡೆ ಸಿಗುತ್ತದೆ. ಯಾಕೆಂದರೆ ಪೋರ್ಟ್ ಒಡೆದದ್ದು ಪ್ರೋಗ್ರಾಮ್, ಇದನ್ನು ಕಂಡುಹಿಡಿದದ್ದು ತಾನು.

ಆದರೆ ಆಟಗಾರ ಪಾಸ್‌ವರ್ಡ್ ಹುಡುಕದೆ ಸೀದಾ ಪೋರ್ಟ್ ಒಡೆದುಕೊಂಡು ಸಂಪಾದಕರ ಕಂಪ್ಯೂಟರಿನೊಳಗೆ ನುಗ್ಗಿದರೆ? ಅದಕ್ಕೆ ಉಪಾಯ ಇದೆ. ಒಳಗೆ ಹೋಗಲು ಒಡೆಯಬೇಕಾದ ಪೋರ್ಟ್‌ಗಳ ಸಂಖ್ಯೆಯನ್ನು, ಅಲ್ಲಿರುವ ಪೋರ್ಟ್‌ಗಳಿಗಿಂತ ಜಾಸ್ತಿ ಬರೆದರಾಯಿತು. ಎಲ್ಲ ಒಡೆದರೂ ಸಾಲದು. ಪಾಸ್‌ವರ್ಡ್ ಒಂದೇ ದಾರಿ.

ಸಂಪಾದಕರ ಕಂಪ್ಯೂಟರಿನ ವಿಳಾಸವನ್ನಾದರೂ ಹೇಗೆ ತಿಳಿಸುವುದು? ಇಮೇಲ್‌ನಲ್ಲೇ ಬರೆದುಬಿಡಬಹುದು, ಆದರೆ ಅದು ಸಪ್ಪೆ. ಹ್ಯಾಕ್‌ನೆಟ್‌ನ ಪ್ರತಿ ಕಂಪ್ಯೂಟರಿನಲ್ಲಿ ಲಾಗ್ ಎಂಬ ಫೋಲ್ಡರ್ ಇರುತ್ತದೆ. ಯಾವ ವಿಳಾಸದಿಂದ ಯಾರು ಬಂದು ಏನು ಮಾಡಿದರು ಎಂಬ ದಾಖಲೆ ಅದು. ಆಟಗಾರರು ಹೊರಡುವ ಮೊದಲು ತಮ್ಮ ಗುರುತು ಅಳಿಸಲು ಅಲ್ಲಿಗೆ ಹೋಗಿಯೇ ಹೋಗುತ್ತಾರೆ. ಹಾಗಾದರೆ ಪ್ರೆಸ್ಸಿನ ಸರ್ವರಿನ ಲಾಗ್‌ನಲ್ಲಿ ಒಂದು ಹಳೆಯ ಸಾಲು ಇಟ್ಟಿರೋಣ: ಮುಖಪುಟದ ಫೈಲನ್ನು ಇಂಥ ವಿಳಾಸದಿಂದ ಅಳಿಸಲಾಗಿದೆ. ಆ ವಿಳಾಸಕ್ಕೆ ಹೋಗಿ ನೋಡಿದರೆ ಅದು ಸಂಪಾದಕರ ಕಂಪ್ಯೂಟರ್! ಸುದ್ದಿ ತೆಗೆದದ್ದು ಹೊರಗಿನವರಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ. ಕಥೆಯ ತಿರುವನ್ನೇ ಲಾಗ್‌ನ ಒಂದು ಸಾಲು ಹೇಳಿಬಿಟ್ಟಿತು.

ಇದಾದ ಮೇಲೆ ಮಿಷನ್ ಫೈಲ್. ಅದರಲ್ಲಿ ಮುಖ್ಯವಾಗಿ ಇರುವುದು ಗುರಿ, ಇಮೇಲ್ ಮತ್ತು ಮುಂದಿನ ಮಿಷನ್‌ನ ಹೆಸರು. ಗುರಿಗಳಲ್ಲಿ ಹಲವು ಬಗೆ ಇವೆ. ಇಂಥ ಫೈಲ್ ಡೌನ್‌ಲೋಡ್ ಆಗಿರಬೇಕು, ಇಂಥ ಫೈಲ್ ಅಳಿಸಿರಬೇಕು, ಫೈಲ್‌ನೊಳಗೆ ಒಂದು ಪದ ಬದಲಾಗಿರಬೇಕು, ಇಂಥ ಕಂಪ್ಯೂಟರಿನ ಅಡ್ಮಿನ್ ಆಗಿರಬೇಕು, ಉತ್ತರದಲ್ಲಿ ಇಂಥ ಮಾಹಿತಿ ಕಳಿಸಬೇಕು. ನಮ್ಮ ಕಥೆಗೆ ಡೌನ್‌ಲೋಡ್ ಸರಿಹೋಗುತ್ತದೆ. ಆಟಗಾರ ಸಂಪಾದಕರ ಕಂಪ್ಯೂಟರಿನಿಂದ ಮೂಲ ಪುಟವನ್ನು ತನ್ನ ಕಡೆ ಎಳೆದುಕೊಂಡು ಇಮೇಲ್‌ಗೆ ಉತ್ತರ ಒತ್ತಿದರೆ ಕೆಲಸ ಮುಗಿಯಿತು. ಉತ್ತರ ಒತ್ತುವ ಗೋಜೇ ಬೇಡ ಎಂದರೆ, ಗುರಿ ಮುಟ್ಟಿತೋ ಇಲ್ಲವೋ ಎಂದು ಆಟವೇ ಸದಾ ನೋಡುತ್ತಿರುವಂತೆಯೂ ಮಾಡಬಹುದು.

ಕಥೆಯನ್ನು ಎರಡು ದಾರಿಗೆ ಒಡೆಯಲೂ ಬರುತ್ತದೆ. ಪುಟವನ್ನು ಪ್ರೂಫ್ ನೋಡುವವಳಿಗೆ ಕೊಡುವುದೋ, ಸಂಪಾದಕರ ಕಾರಣ ಓದಿದ ಮೇಲೆ ಅಳಿಸಿಬಿಡುವುದೋ? ಕವಲು ಮಿಷನ್‌ಗಳನ್ನು ಸೂಚಿಸಿದರೆ ಆಟಗಾರ ಯಾವ ಗುರಿ ಮುಟ್ಟಿದನೋ ಆ ಕಡೆಗೆ ಕಥೆ ಹೊರಳುತ್ತದೆ.

ಕೊನೆಗೆ ಆ್ಯಕ್ಷನ್‌ಗಳು. ಆಟಗಾರ ಸಂಪಾದಕರ ಕಂಪ್ಯೂಟರಿನ ಅಡ್ಮಿನ್ ಆದ ಕೂಡಲೇ ಪರದೆಯ ಬಣ್ಣ ಬದಲಾಗಲಿ, ಅಥವಾ ಡಿಟಿಪಿ ಕಂಪ್ಯೂಟರಿನಲ್ಲಿ ಹೊಸ ಫೈಲ್ ಹುಟ್ಟಿಕೊಳ್ಳಲಿ. ಇಂಥವನ್ನು ಕಟ್ಟುವುದು ಇಲ್ಲಿ. 'ಫ್ಲ್ಯಾಗ್' ಎಂಬುದೂ ಇಲ್ಲಿ ಬರುತ್ತದೆ. ಏನಾದರೂ ಆಯಿತು ಎಂದು ಆಟ ನೆನಪಿಟ್ಟುಕೊಳ್ಳುವ ಗುರುತಿಗೆ ಫ್ಲ್ಯಾಗ್ ಎನ್ನುತ್ತಾರೆ. ಈ ಫ್ಲ್ಯಾಗ್ ಇದ್ದರೆ ಮಾತ್ರ ಮುಂದಿನದು ಆಗಲಿ ಎಂದು ಬರೆಯಬಹುದು. ಎದುರಾಳಿ ಹ್ಯಾಕರ್ ಒಬ್ಬ ಆಟಗಾರನ ಕಂಪ್ಯೂಟರಿಗೇ ನುಗ್ಗಿ ಫೈಲ್ ಅಳಿಸುವ ದೃಶ್ಯಕ್ಕೆ ಬೇರೆ ಬಗೆಯ ಸ್ಕ್ರಿಪ್ಟ್ ಇದೆ. ಅದು ಎಕ್ಸ್‌ಎಂಎಲ್ ಅಲ್ಲ, ಸಾಲು ಸಾಲಾಗಿ ಆದೇಶ ಬರೆದ ಪಠ್ಯ. ಎಲ್ಲರೂ ಮೊದಲ ಮಾಡ್‌ನಲ್ಲೇ ಇದನ್ನು ಹಾಕಲು ಆಸೆಪಡುತ್ತಾರೆ. ಎರಡನೆಯದಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು.

## ಆಟಗಾರ ನೀವು ಅಂದುಕೊಂಡ ದಾರಿಯಲ್ಲಿ ಬರುವುದಿಲ್ಲ

ಕಾಗದದ ಮೇಲೆ ಕಥೆ ಒಂದು, ಎರಡು, ಮೂರು ಎಂದು ಸಾಗುತ್ತದೆ. ಆಟಗಾರನಿಗೆ ಆ ಕ್ರಮ ಗೊತ್ತಿಲ್ಲ. ಗೊತ್ತಿದ್ದರೂ ಪಾಲಿಸಬೇಕೆಂದೇನೂ ಇಲ್ಲ ಅಲ್ವಾ?

ಮೊದಲ ತೊಂದರೆ ಅಳಿಸುವುದು. ಹ್ಯಾಕ್‌ನೆಟ್‌ನಲ್ಲಿ ಅಡ್ಮಿನ್ ಆದವನು ಯಾವ ಫೈಲನ್ನಾದರೂ ಅಳಿಸಬಹುದು. ಕೆಲವರು ಬಂದ ಕಡೆಯೆಲ್ಲ ಸುಮ್ನೆ ಎಲ್ಲವನ್ನೂ ಅಳಿಸಿ ಹೋಗುತ್ತಾರೆ. ಅವರು ರಿಪೇರಿ ಬಿಲ್ಲನ್ನು ಓದದೆ ಅಳಿಸಿದರೆ ಯಂತ್ರದ ಹೆಸರು ಲೋಕದಿಂದಲೇ ಹೋಯಿತು. ಕಥೆ ಅಲ್ಲಿಗೆ ನಿಂತಿತು. ಪರಿಹಾರ ಕಷ್ಟದ್ದಲ್ಲ. ಮುಖ್ಯ ಸುಳಿವನ್ನು ಎರಡು ಕಡೆ ಇಡಬೇಕು. ಯಂತ್ರದ ಹೆಸರು ಸರ್ವರಿನ ಇನ್ನೊಂದು ಪತ್ರದಲ್ಲೂ ಬರಲಿ.

ಎರಡನೆಯದು ಅಡ್ಡದಾರಿ. ಐಪಿ ವಿಳಾಸ ಗೊತ್ತಿದ್ದವನು ಯಾರನ್ನೂ ಕೇಳದೆ ಅಲ್ಲಿಗೆ ಹೋಗಬಹುದು. ಎರಡನೇ ಸಲ ಆಡುವವನು ಮೊದಲ ನಿಮಿಷದಲ್ಲೇ ಸಂಪಾದಕರ ಕಂಪ್ಯೂಟರಿಗೆ ಹೋಗಿ ಪಾಸ್‌ವರ್ಡ್ ಬರೆದು ಪುಟ ತೆಗೆದುಕೊಂಡು ಬರುತ್ತಾನೆ. ಅದು ತಪ್ಪೇನಲ್ಲ. ಆದರೆ ನಡುವಿನ ಮಿಷನ್‌ಗಳು ಆಮೇಲೆ ಗೊಂದಲವಾಗದೆ ಮುಗಿಯುತ್ತವೆಯೇ ಎಂದು ನೋಡಿರಬೇಕು. ಕ್ರಮ ತಪ್ಪಲೇಬಾರದು ಎಂದಿದ್ದರೆ ಫ್ಲ್ಯಾಗ್ ಬಳಸಿ, ಹಿಂದಿನ ಕೆಲಸ ಮುಗಿದ ಮೇಲಷ್ಟೇ ಆ ಫೈಲ್ ಅಲ್ಲಿ ಕಾಣಿಸಿಕೊಳ್ಳುವಂತೆ ಮಾಡಬೇಕು.

ಆಟದೊಳಗಿನ ಅಡ್ಮಿನ್ ಕೂಡ ಒಬ್ಬ ಪಾತ್ರವೇ. ಆಟಗಾರ ಹೊರಗೆ ಹೋದ ಮೇಲೆ ಅಡ್ಮಿನ್ ಬಂದು ಪೋರ್ಟ್‌ಗಳನ್ನು ಮುಚ್ಚಿ ಪಾಸ್‌ವರ್ಡ್ ಬದಲಿಸುವ ಹಾಗೆ ಬರೆಯಬಹುದು. ಇದರಿಂದ ಆ ಲೋಕಕ್ಕೆ ಜೀವ ಬರುತ್ತದೆ. ಆದರೆ ನಮ್ಮ ಸಂಪಾದಕರ ಕಂಪ್ಯೂಟರಿಗೆ ಇದನ್ನು ಹಾಕಿದರೆ ಕೆಟ್ಟಿತು. ಅಲ್ಲಿ ಪೋರ್ಟ್ ದಾರಿ ಇಲ್ಲ. ಪಾಸ್‌ವರ್ಡ್ ಬದಲಾದರೆ ಯಾವ ದಾರಿಯೂ ಇಲ್ಲ.

ಇನ್ನು ಕಣ್ಣಿಗೆ ಕಾಣದ ತಪ್ಪುಗಳು. 'ಈ ಫೈಲ್ ಅಳಿಸಿರಬೇಕು' ಎಂಬ ಗುರಿಯಲ್ಲಿ ಆಟ ಪರೀಕ್ಷಿಸುವುದು ಆ ಹೆಸರಿನ ಫೈಲ್ ಅಲ್ಲಿ ಇದೆಯೇ ಇಲ್ಲವೇ ಎಂಬುದನ್ನು. ಫೈಲ್ ಹೆಸರಿನ ಒಂದು ಅಕ್ಷರ ತಪ್ಪಿದ್ದರೆ ಅಂಥ ಫೈಲ್ ಮೊದಲಿನಿಂದಲೂ ಇಲ್ಲ. ಆದ್ದರಿಂದ ಆಟಗಾರ ಏನೂ ಮಾಡದೆಯೇ ಗುರಿ ಮುಟ್ಟಿದಂತಾಗುತ್ತದೆ. ಇಮೇಲ್ ಬರುತ್ತಿದ್ದಂತೆ ಕೆಲಸ ಮುಗಿಯುತ್ತಿದ್ದರೆ ಮೊದಲು ನೋಡಬೇಕಾದದ್ದು ಕಾಗುಣಿತವನ್ನು. ಡೌನ್‌ಲೋಡ್ ಗುರಿಯಲ್ಲಿ ಇದೇ ತಪ್ಪು ಉಲ್ಟಾ ಹೊಡೆಯುತ್ತದೆ: ಏನು ಮಾಡಿದರೂ ಮುಗಿಯುವುದಿಲ್ಲ.

ಎಕ್ಸ್‌ಎಂಎಲ್‌ನದ್ದೇ ಒಂದು ಕಿರಿಕಿರಿ ಇದೆ. ಆಂಪರ್ಸಂಡ್ ಗುರುತು, ಅಂದರೆ ಅಂಗಡಿ ಬೋರ್ಡುಗಳಲ್ಲಿ 'ಮತ್ತು' ಎಂಬುದಕ್ಕೆ ಹಾಕುವ ಚಿಹ್ನೆ, ಅದಕ್ಕೆ ಈ ಕ್ರಮದಲ್ಲಿ ವಿಶೇಷ ಅರ್ಥ. ಅದನ್ನು ಹಾಗೇ ಬರೆದರೆ ಇಡೀ ಫೈಲ್ ಓದಲು ಬರುವುದಿಲ್ಲ. ಅದಕ್ಕೆ ಬದಲಿ ಬರಹ ಬಳಸಬೇಕು. ಎಡಗಡೆಯ ಕೋನದ ಗುರುತಿಗೂ ಹೀಗೇ. ಕಥೆಯೊಳಗೆ ಯಾವುದೋ ಕಂಪನಿಯ ಹೆಸರಿನಲ್ಲಿ ಈ ಚಿಹ್ನೆ ಬಂದು ಗಂಟೆಗಟ್ಟಲೆ ಹುಡುಕಾಡಿಸುವುದು ಹೊಸಬರ ಪಾಡು.

ಇವುಗಳಲ್ಲಿ ಒಂದಷ್ಟನ್ನು ಆಟವೇ ಹಿಡಿದುಕೊಡುತ್ತದೆ. ಎಕ್ಸ್‌ಟೆನ್ಷನ್ ಆರಿಸುವ ಪರದೆಯಲ್ಲಿ ಪರೀಕ್ಷೆ ನಡೆಸುವ ಬಟನ್ ಇದೆ. ಒತ್ತಿದರೆ ಫೈಲ್‌ಗಳನ್ನೆಲ್ಲ ಓದಿ ಎಲ್ಲಿ ಮುರಿದಿದೆ ಎಂದು ಹೇಳುತ್ತದೆ. ಆದರೆ ಸುಳಿವು ತೀರಾ ಕಷ್ಟವಾಯಿತೇ, ಕಥೆ ಅರ್ಥವಾಯಿತೇ ಎಂದು ಅದು ಹೇಳಲಾರದು. ಅದಕ್ಕೆ ಕಥೆ ಗೊತ್ತಿಲ್ಲದ ಒಬ್ಬ ಗೆಳೆಯನನ್ನು ಕೂರಿಸಿ, ಬಾಯಿ ಮುಚ್ಚಿಕೊಂಡು ಹಿಂದೆ ನಿಂತು ನೋಡಬೇಕು. ಬಾಯಿ ಮುಚ್ಚಿಕೊಳ್ಳುವುದು ತುಂಬಾ ಕಷ್ಟ.

ಇನ್ನೊಂದು ವಿಷಯ. ಹೊಸ ಆಟ ಶುರು ಮಾಡಿದಾಗ ಕಂಪ್ಯೂಟರುಗಳ ವಿವರ, ಆಟ ಎಲ್ಲಿಗೆ ಬಂದಿದೆ ಎಂದು ಉಳಿಸಿಡುವ ಆ ಆಟಗಾರನ ಸೇವ್ ಫೈಲ್‌ಗೆ ಸೇರಿಬಿಡುತ್ತದೆ. ಆಮೇಲೆ ನೋಡ್ ಫೈಲ್ ತಿದ್ದಿದರೂ ಹಳೆಯ ಸೇವ್‌ನಲ್ಲಿ ಬದಲಾವಣೆ ಕಾಣುವುದಿಲ್ಲ. ತಿದ್ದಿದ್ದೇನೆ, ಆದರೂ ಹಾಗೇ ಇದೆಯಲ್ಲ ಎಂದು ತಲೆ ಕೆರೆದುಕೊಳ್ಳುವವರಿಗೆ ಕಾರಣ ಇದು. ಪ್ರತಿ ಸಲ ಹೊಸ ಖಾತೆಯಿಂದ ಶುರು ಮಾಡಿ ಪರೀಕ್ಷಿಸಬೇಕು.

## ಪಠ್ಯ ಫೈಲ್ ಸಾಲದಿದ್ದಾಗ

ಎಕ್ಸ್‌ಟೆನ್ಷನ್‌ಗೆ ಒಂದು ಮಿತಿ ಇದೆ. ಎಂಜಿನ್‌ಗೆ ಗೊತ್ತಿರುವುದನ್ನಷ್ಟೇ ಅದರಿಂದ ಮಾಡಿಸಬಹುದು. ಟರ್ಮಿನಲ್‌ಗೆ ಹೊಸ ಆದೇಶವೊಂದು ಬೇಕು, ಇಲ್ಲವೇ ಹೊಸ ಬಗೆಯ ಪೋರ್ಟ್ ಒಡೆಯುವ ಪ್ರೋಗ್ರಾಮ್ ಬೇಕು ಎಂದರೆ ಕೋಡ್ ಬರೆಯಲೇಬೇಕು. ಹ್ಯಾಕ್‌ನೆಟ್ ಅನ್ನು ಸಿ ಶಾರ್ಪ್ ಭಾಷೆಯಲ್ಲಿ ಬರೆದಿದ್ದಾರೆ. ಅದಕ್ಕೆ ಅಭಿಮಾನಿಗಳೇ ಕಟ್ಟಿದ ಪಾತ್‌ಫೈಂಡರ್ ಎಂಬ ಸಾಧನ ಇದೆ. ಆಟ ಶುರುವಾಗುವಾಗ ಹೊರಗಿನ ಕೋಡನ್ನು ಒಳಗೆ ಸೇರಿಸುವುದು ಅದರ ಕೆಲಸ.

ಎರಡಕ್ಕೂ ಇರುವ ವ್ಯತ್ಯಾಸ ಮನೆಯವರಿಗೂ ಗೊತ್ತಿರಲಿ. ಬರೀ ಎಕ್ಸ್‌ಎಂಎಲ್ ಇರುವ ಮಾಡ್ ಪಠ್ಯ ಮಾತ್ರ. ಆಟ ಅದನ್ನು ಓದುತ್ತದೆ, ಅದು ತಾನಾಗಿ ಏನನ್ನೂ ಮಾಡುವುದಿಲ್ಲ. ಕೋಡ್ ಇರುವ ಮಾಡ್ ಹಾಗಲ್ಲ. ಅದು ನಿಮ್ಮ ನಿಜವಾದ ಕಂಪ್ಯೂಟರಿನಲ್ಲಿ ಓಡುವ ಪ್ರೋಗ್ರಾಮ್. ಗೊತ್ತಿಲ್ಲದ ಕಡೆಯಿಂದ ಯಾವ ಸಾಫ್ಟ್‌ವೇರ್ ಇಳಿಸಿಕೊಳ್ಳುವಾಗಲೂ ಇರುವ ಅಪಾಯ ಇಲ್ಲೂ ಇದೆ.

## ಕಾನೂನು ಏನನ್ನುತ್ತದೆ?

ಭಾರತದಲ್ಲಿ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್, ಮಾಲೀಕರ ಅನುಮತಿ ಇಲ್ಲದೆ ಅವರ ಕಂಪ್ಯೂಟರ್ ಅಥವಾ ನೆಟ್‌ವರ್ಕ್ ಒಳಗೆ ಹೋಗುವುದು, ಮಾಹಿತಿ ನಕಲು ಮಾಡಿಕೊಳ್ಳುವುದು ಮುಂತಾದವುಗಳ ಬಗ್ಗೆ ಹೇಳುತ್ತದೆ. ಅದನ್ನೇ ಅಪ್ರಾಮಾಣಿಕವಾಗಿ ಅಥವಾ ವಂಚನೆಯ ಉದ್ದೇಶದಿಂದ ಮಾಡಿದರೆ 66ನೇ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಆಟದಲ್ಲಿ ಇನ್ನೊಬ್ಬರ ಕಂಪ್ಯೂಟರ್ ಇರುವುದೇ ಇಲ್ಲ. 'ಕನೆಕ್ಟ್' ಎಂದು ಎಷ್ಟು ಸಲ ಬರೆದರೂ ಆದೇಶ ಆಟದ ಕಿಟಕಿ ದಾಟುವುದಿಲ್ಲ. ಆದ್ದರಿಂದ ಈ ಸೆಕ್ಷನ್‌ಗಳು ಇಲ್ಲಿಗೆ ಬರುವುದಿಲ್ಲ.

ಕಟ್ಟುವವರು ಎಚ್ಚರ ವಹಿಸಬೇಕಾದದ್ದು ಬೇರೆ ಕಡೆ. ಕಥೆಯೊಳಗೆ ನಿಜವಾದ ಜನರ ಫೋನ್ ನಂಬರ್, ಆಧಾರ್ ಸಂಖ್ಯೆ, ಇಮೇಲ್ ಹಾಕಬಾರದು. ತಮಾಷೆಗೆಂದು ಕಾಲೇಜಿನ ಮೇಷ್ಟರ ಹೆಸರೂ ಬೇಡ. ಐಪಿ ವಿಳಾಸಕ್ಕೂ ಒಂದು ಒಳ್ಳೆಯ ದಾರಿ ಇದೆ. 192.0.2, 198.51.100, 203.0.113 ಎಂದು ಶುರುವಾಗುವ ವಿಳಾಸಗಳನ್ನು ಪುಸ್ತಕ, ಪಾಠಗಳಲ್ಲಿ ಉದಾಹರಣೆಗೆಂದೇ ಕಾದಿರಿಸಿದ್ದಾರೆ. ನಿಜವಾದ ಯಾವ ಯಂತ್ರಕ್ಕೂ ಇವನ್ನು ಕೊಡುವುದಿಲ್ಲ. ಸಿನಿಮಾ ಹಾಡನ್ನು ಹಿನ್ನೆಲೆಗೆ ಹಾಕಿ ಹಂಚುವುದು ಹಕ್ಕುಸ್ವಾಮ್ಯದ ತಕರಾರಿಗೆ ದಾರಿ. ಮೂಲ ಆಟದ ಫೈಲ್‌ಗಳನ್ನು ಮಾಡ್ ಜೊತೆ ಹಂಚುವಂತೆಯೂ ಇಲ್ಲ. ಆಡುವವರು ಆಟವನ್ನು ಕೊಂಡಿರಲೇಬೇಕು.

## ಕನ್ನಡದಲ್ಲಿ ಕಟ್ಟಬಹುದೇ?

ಕಥೆ ಕನ್ನಡ ನಾಡಿನದ್ದಾಗಲು ಯಾವ ಅಡ್ಡಿಯೂ ಇಲ್ಲ. ತೊಂದರೆ ಇರುವುದು ಲಿಪಿಯಲ್ಲಿ. ಹ್ಯಾಕ್‌ನೆಟ್ ರಷ್ಯನ್, ಜಪಾನೀ, ಕೊರಿಯನ್, ಚೀನೀ ಭಾಷೆಗಳಲ್ಲೂ ಇದೆ. ಕನ್ನಡ ಇಲ್ಲ. ಆಟ ಅಕ್ಷರ ತೋರಿಸುವುದು ಮೊದಲೇ ಸಿದ್ಧ ಮಾಡಿಟ್ಟ ಅಕ್ಷರಚಿತ್ರಗಳಿಂದ. ಒಂದು ಅಕ್ಷರಕ್ಕೆ ಒಂದು ಚಿತ್ರ, ಒಂದರ ಪಕ್ಕ ಒಂದು. ಚೀನೀ ಲಿಪಿಯಲ್ಲಿ ಸಾವಿರಾರು ಅಕ್ಷರ ಇದ್ದರೂ ಈ ಕ್ರಮ ನಡೆಯುತ್ತದೆ. ಕನ್ನಡದಲ್ಲಿ ನಡೆಯುವುದಿಲ್ಲ. ನಮ್ಮಲ್ಲಿ ಗುಣಿತದ ಚಿಹ್ನೆ ಅಕ್ಷರಕ್ಕೆ ಅಂಟುತ್ತದೆ, ಒತ್ತಕ್ಷರ ಕೆಳಗೆ ಇಳಿಯುತ್ತದೆ, ಅರ್ಕಾವತ್ತು ಮುಂದಕ್ಕೆ ಹೋಗುತ್ತದೆ. ಯಾವುದು ಎಲ್ಲಿ ಕೂರಬೇಕು ಎಂದು ಲೆಕ್ಕ ಹಾಕುವ ಇನ್ನೊಂದು ಹಂತ ಬೇಕು. ಈ ಆಟ ಕಟ್ಟಿರುವ ಕ್ರಮದಲ್ಲಿ ಆ ಹಂತ ಇಲ್ಲ.

ಸದ್ಯಕ್ಕೆ ಸುಲಭದ ದಾರಿ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುವುದು. ವಾಟ್ಸಾಪ್‌ನಲ್ಲಿ ಹೇಗೂ ಎಷ್ಟೋ ಜನ ಹಾಗೇ ಬರೆಯುತ್ತಾರೆ. ಡಿಟಿಪಿ ಹುಡುಗನ ಚೀಟಿ ಆ ಬರಹದಲ್ಲಿದ್ದರೆ ಇನ್ನಷ್ಟು ಸಹಜವೇ. ಲಗ್ನಪತ್ರಿಕೆಯ ಕರಡಿಗೆ ಮಾತ್ರ ಅದು ಒಪ್ಪುವುದಿಲ್ಲ. 

ಎಲ್ಲ ಮುಗಿದ ಮೇಲೆ ಹಂಚುವುದು ಸ್ಟೀಮ್ ಎಂಬ ಆಟಗಳ ಆನ್‌ಲೈನ್ ಅಂಗಡಿಯ ಮಾಡ್ ವಿಭಾಗವಾದ ಸ್ಟೀಮ್ ವರ್ಕ್‌ಶಾಪ್‌ನಲ್ಲಿ. ಆಟದ ಮೆನುವಿನಿಂದಲೇ ಏರಿಸಬಹುದು. ಬೇಕಾದವರು ಒಂದು ಬಟನ್ ಒತ್ತಿದರೆ ಅವರ ಕಂಪ್ಯೂಟರಿಗೆ ಬಂದು ಕೂರುತ್ತದೆ. ನೀವು ತಿದ್ದಿದರೆ ಹೊಸ ಪ್ರತಿಯೂ ತಾನಾಗಿ ಹೋಗುತ್ತದೆ. ಆದರೆ ಅರ್ಧ ಆಡಿದವರ ಸೇವ್‌ನಲ್ಲಿ ಹಳೆಯ ಕಂಪ್ಯೂಟರುಗಳೇ ಉಳಿದಿರುತ್ತವೆ. ಅದಕ್ಕೇ ದೊಡ್ಡ ತಿದ್ದುಪಡಿ ಮಾಡಿದಾಗ, ಮೊದಲಿಂದ ಶುರು ಮಾಡಿ ಎಂದು ವಿವರಣೆಯ ಮೊದಲ ಸಾಲಿನಲ್ಲೇ ಬರೆದಿಡುವುದು ವಾಸಿ.